ಉಪ್ಪು ನೋಡದ ಕೈ

ಗಡಿಯಾಚೆಯ ಮಕ್ತಲದ ವಾದಿರಾಜಾಚಾರ್ಯರ ಮನೆಯಲ್ಲಿ ಯಾರೂ ರುಚಿ ನೋಡಿ ಅಡುಗೆ ಮಾಡುವುದಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಒಂದು ಅಗುಳು ನಾಲಿಗೆಗೆ ತಾಗಿದರೂ ಅದು ಎಂಜಲು, ಪಾತ್ರೆಯಲ್ಲಿದ್ದುದೆಲ್ಲ ಎಮ್ಮೆಯ ಪಾಲು. ಇಪ್ಪತ್ತಾರು ವರ್ಷಗಳ ಹಿಂದೆ ರಾಯಚೂರಿನಿಂದ ಸೊಸೆಯಾಗಿ ಬಂದ ಅಂಬಾಬಾಯಿ ಈ ಮನೆಯಲ್ಲಿ ಎಷ್ಟು ಸಾವಿರ ಸಲ ಹುಳಿ ಕುದಿಸಿದ್ದಾಳೋ, ಒಂದು ಸಲವೂ ಉಪ್ಪು ನೋಡಿದವಳಲ್ಲ. ದೇವರದಾಗಿ, ಗಂಡನದಾಗಿ, ಅತ್ತೆಯದಾಗಿ, ಮಗಳದೂ ಆಗಿ, ತಳದಲ್ಲಿ ಉಳಿದದ್ದನ್ನು ತಾನು ಕಲಸಿಕೊಂಡಾಗಲೇ ಅವಳಿಗೆ ಇವತ್ತಿನ ಅಡುಗೆ ಹೇಗಾಗಿದೆ ಎಂದು ಗೊತ್ತಾಗುತ್ತಿದ್ದುದು. ಹೇಳಿದರೆ ನೀವು ನಂಬಬೇಕು, ಅದು ಯಾವತ್ತೂ ಸರಿಯಾಗಿಯೇ ಇರುತ್ತಿತ್ತು.

ಇಂಥ ಅಂಬಾಬಾಯಿ ನಲವತ್ತಾರನೆಯ ವಯಸ್ಸಿನಲ್ಲಿ ಇಂಟರ್ವ್ಯೂಗೆ ಹೊರಟಳು.

ನಾರಾಯಣಪೇಟೆ ಜಿಲ್ಲೆಯಾದ ವರ್ಷ ಅದು. ಊರಾಚೆ ಹೆಣ್ಣುಮಕ್ಕಳ ಗುರುಕುಲ, ಅಂದರೆ ಸರಕಾರಿ ವಸತಿ ಶಾಲೆಯೊಂದು ಹೊಸದಾಗಿ ಶುರುವಾಗಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಮಗಳು ಕೃಷ್ಣಪ್ರಿಯಾ ಫೋನಿನಲ್ಲಿ ಬಂದ ಪ್ರಕಟಣೆಯನ್ನು ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತು ಓದಿದಳು.

"ಅಮ್ಮಾ, ಗುರುಕುಲದಾಗ ಅಡಿಗಿಯವರು ಬೇಕಾಗ್ಯಾರಂತ. ಇಂಟರ್ವ್ಯೂ ಅದ. ನೀ ಹೋಗು."

"ನಾ ಏನು ಇಂಟರ್ವ್ಯೂ ಕೊಡಲೇ? ಏಳನೇತ್ತ ಓದಿದಾಕಿ."

"ಏಳನೇತ್ತನೇ ಕೇಳ್ಯಾರ."

ಅಂಬಾಬಾಯಿ ನಕ್ಕು ಒಳಗೆ ಹೋದಳು. ಮಧ್ಯಾಹ್ನ ಪಾತ್ರೆ ತಿಕ್ಕುವಾಗ ಒಮ್ಮೆ ಹೊರಗೆ ಬಂದು, "ಎಷ್ಟು ಹುಡುಗ್ಯಾರು ಇರ್ತಾರ?" ಎಂದು ಕೇಳಿದಳು.

"ಮುನ್ನೂರು."

"ಮುನ್ನೂರs!" ಎಂದಳು. ಸಂಜೆ ದೀಪ ಹಚ್ಚುವಾಗಲೂ ಅದೇ ಮಾತು. ದೇವರನ್ನೂ ಸೇರಿಸಿ ಐದು ಜನರಿಗಿಂತ ಹೆಚ್ಚು ಜನಕ್ಕೆ ಅನ್ನ ಇಟ್ಟವಳಲ್ಲ. ಮುನ್ನೂರು ಹಸಿದ ಹುಡುಗಿಯರು ಸಾಲಾಗಿ ಕೂತಿರುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಅವಳಿಗೆ ಆ ಕೆಲಸ ಬೇಕೇಬೇಕಾಗಿತ್ತು. ಕೃಷ್ಣಪ್ರಿಯಾ ಪಾಲಮೂರಿನಲ್ಲಿ ಬಿ.ಎಡ್ ಓದಬೇಕೆಂದರೆ ಗಂಡ ಪೂಜೆ ಮಾಡುವ ಹನುಮಪ್ಪನ ಗುಡಿಯ ಆರತಿ ತಟ್ಟೆಯ ಕಾಸು ಸಾಲುವಂತಿರಲಿಲ್ಲ. ಈ ವರ್ಷ ಸೇರದಿದ್ದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ, ಮನೆಯಲ್ಲೇ ಉಳಿದವಳನ್ನು ಬಂಧುಬಳಗ ಸುಮ್ಮನೆ ಬಿಡುವುದಿಲ್ಲ, ರಾಯಚೂರಿನಿಂದ ಆಗಲೇ ಎರಡು ಜಾತಕ ಬಂದು ಕೂತಿದ್ದವು.

ವಾದಿರಾಜಾಚಾರ್ಯರು ಒಳ್ಳೆಯವರು, ಆದರೆ ತಾಯಿಯ ಮುಂದೆ ಬಾಯಿ ಬಿಡದವರು. ಅವರ ತಾಯಿ ಸೇತುಬಾಯಿಗೆ ಎಪ್ಪತ್ತಾರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಮಸುಕಾದಷ್ಟೂ ಮಾತು ಹರಿತವಾಗಿತ್ತು.

"ಅಂಬಾ, ಅಲ್ಲಿ ಅಡಿಗಿಗೆ ಉಳ್ಳಾಗಡ್ಡಿ ಹಾಕ್ತಾರೇನು?"

"ಹಾಕ್ತಾರ್ರೀ ಅತ್ಯಾರ."

"ಬೆಳ್ಳುಳ್ಳಿ?"

"ಅದೂ ಹಾಕ್ತಾರ್ರಿ."

"ತತ್ತಿ?"

"ತತ್ತಿ ಕುದಸ್ಲಿಕ್ಕೆ ಬ್ಯಾರೆ ಹೆಣ್ಮಗಳು ಇದ್ದಾಳಂತ ಅಜ್ಜಿ," ಎಂದು ಕೃಷ್ಣಪ್ರಿಯಾ ನಡುವೆ ಬಂದಳು.

"ನೀ ಸುಮ್ನಿರು. ನೋಡು ಅಂಬಾ, ಬೆಳ್ಳುಳ್ಳಿ ಮುಟ್ಟಿದ ಕೈಲೆ ನನಗ ನೀರು ಸೈತ ಕೊಡಬ್ಯಾಡ. ಇವತ್ತಿಂದ ಈ ಒಲಿ ನಂದು. ದೇವರ ಅಡಿಗಿ ನಾ ಮಾಡ್ತೀನಿ."

"ಅವ್ವಾ, ನಿನಗ ಕಣ್ಣು ಕಾಣಂಗಿಲ್ಲ," ಎಂದರು ಆಚಾರ್ಯರು ಮೆಲ್ಲಗೆ.

"ಕಣ್ಣು ಕಾಣದಿದ್ರ ಕೈ ಎಲ್ಲಿಗೆ ಹೋಗ್ಯಾವು?"

ಮರುದಿನದಿಂದ ಮನೆ ಎರಡಾಯಿತು. ಒಳಗೆ ಮಡಿ ಉಟ್ಟ ಮುದುಕಿ ತಡವರಿಸಿಕೊಂಡು ಒಲೆ ಹಚ್ಚುವುದು, ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಮೂರು ಕಲ್ಲಿಟ್ಟು ಸೊಸೆ ಬೆಳ್ಳುಳ್ಳಿಯ ಅಡುಗೆ ಕಲಿಯುವುದು. ಉಣ್ಣುವ ಹೊತ್ತಿಗೆ ಮಾತ್ರ ಮುದುಕಿ ಎಲ್ಲರಿಗೂ ಎಲೆ ಹಾಕುತ್ತಿದ್ದಳು. ಸೊಸೆಯ ಎಲೆ ಒಂದು ಮೊಳ ದೂರ ಇರುತ್ತಿತ್ತು, ಅಷ್ಟೇ. ಅತ್ತೆ ಸೊಸೆಗೆ ಮಾತಿಲ್ಲ.

ಕಲಿಸಲು ಬಂದವಳು ಹಿಂದಿನ ಓಣಿಯ ಬಾಲಮ್ಮ. ಕುರುಬರ ಹೆಣ್ಣುಮಗಳು, ಮನೆಗೆ ಹಾಲು ಹಾಕುವವಳು. ಪಾತ್ರೆಯೂ ಅವಳದೇ, ಬೆಳ್ಳುಳ್ಳಿಯೂ ಅವಳದೇ. ಅಂಬಾಬಾಯಿ ಬೆಳ್ಳುಳ್ಳಿಯ ಎಸಳನ್ನು ಎರಡು ಬೆರಳ ತುದಿಯಲ್ಲಿ ಚೇಳು ಹಿಡಿದಂತೆ ಹಿಡಿದದ್ದನ್ನು ಕಂಡು ಬಾಲಮ್ಮ ನಕ್ಕು ನಕ್ಕು ನೆಲಕ್ಕೆ ಕೂತಳು.

"ಬಾಯಾರ, ಅದು ಕಡಿಯಂಗಿಲ್ರಿ! ಜಜ್ಜ್ರಿ ಜರಾ."

"ವಾಸನಿ ಹೆಂಗದ ನೋಡs ಇದರದ್ದು!"

"ಎಣ್ಣ್ಯಾಗ ಬೀಳಲಿ, ಆಮ್ಯಾಲೆ ಹೇಳ್ರಿ."

ಎಣ್ಣೆಯಲ್ಲಿ ಬಿದ್ದಿತು. ಹಸಿ ವಾಸನೆ ಹೋಗಿ ಕೆಂಪಗಾಗುವ ಹೊತ್ತಿಗೆ ಹಿತ್ತಲೆಲ್ಲ ಬೇರೆಯೇ ಪರಿಮಳ. ಅಂಬಾಬಾಯಿ ಒಲೆಯ ಮೇಲೆ ಬಗ್ಗಿದಳು. ನಲವತ್ತಾರು ವರ್ಷ ಗೋಡೆಯ ಆಚೆಯಿಂದ ಮೂಗು ಮುಚ್ಚಿಕೊಂಡದ್ದು ಇದಕ್ಕೇ ಏನು ಎಂದು ಅವಳಿಗೆ ನಿಜವಾಗಿಯೂ ಬೆರಗಾಯಿತು. ಅಡುಗೆಯನ್ನು ಅವಳು ತಿನ್ನುವಂತಿಲ್ಲ, ಹಾಗಾಗಿ ರುಚಿ ನೋಡುವ ಕೆಲಸವೂ ಬಾಲಮ್ಮನದೇ.

"ಉಪ್ಪು ಸರಿ ಐತಿ," ಎಂದಳು ಬಾಲಮ್ಮ ಅಂಗೈ ನೆಕ್ಕಿ. "ನೋಡದs ಹೆಂಗ ಹಾಕ್ತೀರಿ ನೀವು? ನಾ ಮೂರು ಸಲ ನೋಡಿದ್ರೂ ನಮ್ಮ ಮನ್ಯಾಗ ಬೈಸ್ಕೋತೀನಿ."

ಸಂಜೆ ಮಾತಿನ ಅಭ್ಯಾಸ. ಕೃಷ್ಣಪ್ರಿಯಾ ಒರಳುಕಲ್ಲಿನ ಮೇಲೆ ಕೂತು ಪ್ರಿನ್ಸಿಪಾಲಳಾಗುತ್ತಿದ್ದಳು.

"ಒಬ್ಬ ಹುಡುಗಿಗೆ ಬ್ಯಾಳಿ ಎಷ್ಟು ಗ್ರಾಂ?"

"ಹಸಿವಿ ಎಷ್ಟದ ಅಷ್ಟು."

"ಹಂಗ ಹೇಳಿದ್ರ ಗೇಟಿನ ಹೊರಗ ಕಳಸ್ತಾರ. ನಲವತ್ತು ಅಂತ ಹೇಳು. ಕೈ ಯಾವಾಗ ತೊಳಿಬೇಕು?"

"ಇದೇನು ಕೇಳೋ ಮಾತೇನ! ಇಡೀ ಮೈ ತೊಳಕೊಂಡs ಒಲಿ ಮುಂದ ಹೋಗ್ತೀವಿ ನಾವು."

ಒಂದು ದಿನ ಮಗಳು ತಂದೆಯನ್ನೂ ಎಳೆದು ತಂದು ಕೂರಿಸಿದಳು. ಆಚಾರ್ಯರು ಕನ್ನಡಕ ಏರಿಸಿಕೊಂಡು ಪಂಚಾಂಗ ನೋಡುವವರ ಮುಖ ಮಾಡಿದರು.

"ಏನಮ್ಮಾ, ನಿಮಗ ಅನುಭವ ಎಷ್ಟು ವರ್ಷದ್ದು?"

"ಅನುಭವ ಏನೂ ಇಲ್ರಿ. ಮನ್ಯಾಗ ಇದ್ದೀನಿ."

ಆಚಾರ್ಯರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಅಂದರು, "ಇಪ್ಪತ್ತಾರು ವರ್ಷ ಅಂತ ಹೇಳು." ಅಂದವರು ಎದ್ದು ಗುಡಿಗೆ ಹೊರಟುಹೋದರು. ಗಂಡ ತನ್ನ ವರ್ಷಗಳನ್ನು ಎಣಿಸಿ ಇಟ್ಟಿದ್ದಾನೆ ಎಂಬುದು ಅಂಬಾಬಾಯಿಗೆ ಅವತ್ತೇ ಗೊತ್ತಾದದ್ದು.

ಎಲ್ಲವೂ ಹೀಗೆ ಚೆನ್ನಾಗಿಯೇ ನಡೆದು ಮೂರನೆಯ ವಾರ ಎಡವಟ್ಟಾಯಿತು. ಬಾಲಮ್ಮನ ಮನೆಯಲ್ಲಿ ಬೀರಪ್ಪ ದೇವರ ಕಾರ್ಯವಿತ್ತು, ಅರವತ್ತು ಜನರ ಊಟ. "ದೊಡ್ಡ ಹಂಡೆ ಮ್ಯಾಲೆ ಕೈ ಕೂಡಬೇಕಲ್ರಿ, ಬ್ಯಾಳಿ ಪಪ್ಪು ನೀವs ಮಾಡ್ರಿ ಬಾಯಾರ," ಎಂದು ಬಾಲಮ್ಮ ಕರೆದಳು. ಅಂಬಾಬಾಯಿ ಲೆಕ್ಕ ಹಾಕಿದಳು. ಐದು ಜನಕ್ಕೆ ಅಂಗೈ ಗುಳಿಯಲ್ಲಿ ಒಂದು ಸಲ ಉಪ್ಪು, ಅರವತ್ತು ಜನಕ್ಕೆ ಹನ್ನೆರಡು ಸಲ. ಎಣಿಸಿ ಎಣಿಸಿ ಹನ್ನೆರಡು ಸಲ ಹಾಕಿದಳು. ನೆಂಟರ ಗಡಿಬಿಡಿಯಲ್ಲಿ ಬಾಲಮ್ಮನಿಗೆ ಅವತ್ತು ರುಚಿ ನೋಡಲು ಪುರುಸೊತ್ತಾಗಲಿಲ್ಲ.

ಊಟಕ್ಕೆ ಕೂತವರು ಮೊದಲ ತುತ್ತಿಗೇ ಒಬ್ಬರ ಮುಖ ಒಬ್ಬರು ನೋಡಿದರು. ಬಾಲಮ್ಮನ ಗಂಡ ಭೀಮಯ್ಯ ಮರ್ಯಾದಸ್ಥ. ಮೂರು ತಂಬಿಗೆ ನೀರು ಕುಡಿದು, "ಬಾಯಾರ, ಪಪ್ಪು ಚಂದ ಐತ್ರಿ. ಉಪ್ಪು ಜರಾ ಮುಂದ ಐತಿ," ಎಂದ.

ಅಂಬಾಬಾಯಿ ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತಳು.

"ನನ್ನ ಕೈ ಐದು ಮಂದಿ ಕೈನs ಕೃಷ್ಣಿ. ಮುನ್ನೂರು ಮಂದಿ ಕೈ ಅಲ್ಲ. ರುಚಿ ನೋಡೋವರು ಹೋಗಲಿ ಇಂಟರ್ವ್ಯೂಕ್ಕ."

"ಹಂಗಾದ್ರ ನೀನೂ ನೋಡು!"

"ಏ, ಸುಮ್ನಿರs. ಒಲಿ ಮುಂದ ನಿಂತು ಉಣ್ಣು ಅಂತೀಯೇನು?"

ಇದೆಲ್ಲ ಒಳಗೆ ಕೇಳಿಸಿತು. ಮರುದಿನ ಬೆಳಿಗ್ಗೆ ಸೇತುಬಾಯಿ ಅಡುಗೆಮನೆಯ ಹಿಂಬಾಗಿಲನ್ನು ಪೂರ್ತಿ ತೆರೆದಿಟ್ಟು ಹುಳಿಗೆ ಇಟ್ಟಳು. ಹೊಸ್ತಿಲ ಮೇಲೆ ಮಲಗಿದ್ದ ಬೆಕ್ಕನ್ನು ಮಾತಾಡಿಸತೊಡಗಿದಳು, ಹಿತ್ತಲಿಗೆಲ್ಲ ಕೇಳುವಷ್ಟು ಜೋರಾಗಿ.

"ಉಪ್ಪು ಎಣಸಬಾರದು ನೋಡs ಬೆಕ್ಕೇ. ಅರ್ಧ ಹಾಕಬೇಕು, ಸುಮ್ನ ನಿಂದ್ರಬೇಕು. ಕುದೀಲಿ. ಉಪ್ಪು ಸಾಲದ ಬ್ಯಾಳಿ ದಡಬಡ ಕುದೀತದ, ಬ್ಯಾಳಿ ವಾಸನಿನೇ ಬರ್ತದ. ಆಮ್ಯಾಲೆ ಇಷ್ಟಿಷ್ಟೇ ಹಾಕು. ಸರಿ ಆತಂದ್ರ ಕುದಿ ದನಿ ಇಳೀತದ. ಒಳಗೊಳಗs ಮಾತಾಡಿದಂಗ. ಆಗ ಕರಿಬೇವಿನ ವಾಸನಿ ತಾನs ಮ್ಯಾಲ ಬರ್ತದ. ತಿಳೀತೇನು?"

ಬೆಕ್ಕು ಮೈ ಮುರಿಯಿತು. ಹಿತ್ತಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಂಬಾಬಾಯಿಯ ಕೈ ನಿಂತೇ ಹೋಯಿತು.

ಇಷ್ಟು ದಿನ ಅವಳು ಒಂದನ್ನು ಗಮನಿಸಿಯೇ ಇರಲಿಲ್ಲ. ಕಣ್ಣೇ ಕಾಣದ ಮುದುಕಿ ಮೂರು ವಾರದಿಂದ ಅಡುಗೆ ಮಾಡುತ್ತಿದ್ದಾಳೆ, ಉಪ್ಪು ಒಂದು ದಿನವೂ ಹೆಚ್ಚುಕಮ್ಮಿ ಆಗಿಲ್ಲ. ತಾನಾದರೂ ಬಣ್ಣ ನೋಡಿ, ಅಂಗೈ ನೋಡಿ ಹಾಕುತ್ತಿದ್ದಳು. ಈಕೆ ಕಿವಿ ಮೂಗುಗಳಿಂದಲೇ ಹಾಕುತ್ತಾಳೆ. ಅಂಬಾಬಾಯಿ ಬಾಗಿಲ ಹೊರಗೆ ನಿಂತು ಒಲೆಯ ಮುಂದಿನ ಆ ಬಾಗಿದ ಬೆನ್ನನ್ನು ನೋಡಿದಳು. ದೇವರ ಗುಡಿಯಲ್ಲಿ ನಿಂತಾಗ ಆಗುವಂತೆ ಮೈ ಮುಳ್ಳೆದ್ದಿತು. ಅಂದಿನಿಂದ ಹತ್ತು ದಿನ ಬೆಕ್ಕಿನ ಪಾಠ ತಪ್ಪಲಿಲ್ಲ, ಅಂಬಾಬಾಯಿ ಹಿಂಬಾಗಿಲು ಬಿಟ್ಟು ಕದಲಲಿಲ್ಲ. ಹಿತ್ತಲ ಒಲೆಯ ಮುಂದೆ ಕಣ್ಣು ಮುಚ್ಚಿ ಕೂತು ಬೇಳೆಯ ಕುದಿ ಕೇಳುವ ತಾಯಿಯನ್ನು ಕೃಷ್ಣಪ್ರಿಯಾ ಮೊದಮೊದಲು ನಕ್ಕು, ಆಮೇಲೆ ನಗು ಬಿಟ್ಟು ನೋಡಿದಳು.

ಇಂಟರ್ವ್ಯೂ ದಿನ ಆಚಾರ್ಯರು ಗುಡಿಯಿಂದ ತುಳಸಿ ತಂದು ಕೊಟ್ಟರು. ಅಂಬಾಬಾಯಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅತ್ತೆ ಹೊರಗೆ ಬರಲಿಲ್ಲ. ಆಟೋ ಹತ್ತುವಾಗ ಒಳಗಿನಿಂದ ದನಿ ಬಂತು, "ದೊಡ್ಡ ಹಂಡೆ ಕುದೀಲಿಕ್ಕೆ ತಡ ಆಗ್ತದ ಬೆಕ್ಕೇ. ಅವಸರ ಮಾಡಬಾರದು."

ಶಾಲೆಯಲ್ಲಿ ಮೇಜಿನ ಹಿಂದೆ ಇಬ್ಬರಿದ್ದರು. ಪ್ರಿನ್ಸಿಪಾಲ್ ಮಲ್ಲೇಶ್ವರಿ ಮೇಡಂ ಗಟ್ಟು ಎಂಬ ಊರಿನ ಕಡೆಯವರು, ದಪ್ಪ ಕನ್ನಡಕ, ಸಾದಾ ನೂಲಿನ ಸೀರೆ. ಪಕ್ಕದಲ್ಲಿ ನಾರಾಯಣಪೇಟೆಯಿಂದ ಬಂದ ಅಧಿಕಾರಿ ಮಹಾಂತಯ್ಯ. ಕೆಲಸಕ್ಕೆ ಬಂದವರು ಮೂವರು. ಮದುವೆ ಅಡುಗೆಯ ಸಾಯಣ್ಣ, ಶಾಂತಿನಗರದ ಹೋಟೆಲಿನಲ್ಲಿದ್ದ ಒಬ್ಬ ಹೆಂಗಸು, ಮತ್ತು ಅಂಬಾಬಾಯಿ.

"ಅನುಭವ ಎಷ್ಟು?" ಎಂದರು ಮಹಾಂತಯ್ಯ.

"ಇಪ್ಪತ್ತಾರು ವರ್ಷ ರೀ."

"ಎಲ್ಲಿ?"

"ಮನ್ಯಾಗ."

ಅವರ ಪೆನ್ನು ಏನನ್ನೋ ಬರೆದು ನಿಂತಿತು. ಮೇಡಂ ಮಾತ್ರ ನಗದೆ, "ನಡೀರಿ, ಮಧ್ಯಾಹ್ನದ ಊಟ ನೀವು ಮೂರು ಮಂದಿನೇ ಮಾಡ್ರಿ," ಎಂದು ಕೆಲಸ ಹಂಚಿದರು. ಸಾಯಣ್ಣನಿಗೆ ಅನ್ನ, ಹೋಟೆಲಿನವಳಿಗೆ ಬದನೆಕಾಯಿ, ಅಂಬಾಬಾಯಿಗೆ ಟೊಮೆಟೊ ಪಪ್ಪು. ಹನ್ನೆರಡು ಕಿಲೋ ಬೇಳೆ.

ಆ ಅಡುಗೆಮನೆ! ಅಂಬಾಬಾಯಿ ಬಾಗಿಲಲ್ಲೇ ನಿಂತುಬಿಟ್ಟಳು. ತಾನೇ ಒಳಗಿಳಿದು ಕೂರಬಹುದಾದಷ್ಟು ದೊಡ್ಡ ಹಂಡೆ, ದೋಣಿ ನಡೆಸುವಷ್ಟು ಉದ್ದದ ಹುಟ್ಟು, ಮೊಣಕಾಲೆತ್ತರದ ಒಲೆಯಲ್ಲಿ ಭೋರೆಂದು ನೀಲಿ ಬೆಂಕಿ. ಗೋಡೆಯ ಮೇಲಿನ ಫ್ಯಾನು ಗಾಳಿಯನ್ನೆಲ್ಲ ಹೊರಗೆ ನೂಕುತ್ತ ವಿಮಾನದಂತೆ ಸದ್ದು ಮಾಡುತ್ತಿತ್ತು. ಬೇಳೆ ಬೆಂದಿತು, ಟೊಮೆಟೊ ಬಿತ್ತು, ಕರಿಬೇವು ಬಿತ್ತು, ಅರ್ಧ ಉಪ್ಪು ಬಿತ್ತು. ಹಬೆಯಲ್ಲಿ ಬಣ್ಣ ಕಾಣಲಿಲ್ಲ. ಕಿವಿ ಕೊಟ್ಟರೆ ಫ್ಯಾನಿನ ಸದ್ದೇ.

ಬೀರಪ್ಪನ ಊಟ ನೆನಪಾಯಿತು. ಮುನ್ನೂರು ತಂಬಿಗೆ ನೀರು ಕಣ್ಣ ಮುಂದೆ ಬಂತು.

"ಮೇಡಂ," ಎಂದಳು. "ಆ ಫ್ಯಾನ್ ಜರಾ ಬಂದ್ ಮಾಡಸ್ರಿ."

"ಯಾಕಮ್ಮ?"

"ಕುದಿ ಕೇಳವಲ್ದು."

ಮಹಾಂತಯ್ಯ ಪೆನ್ನು ಎತ್ತಿದರು. ಮೇಡಂ ತಾವೇ ಹೋಗಿ ಸ್ವಿಚ್ ಒತ್ತಿದರು. ಸದ್ದು ನಿಂತಿತು. ಅನ್ನದ ಸಾಯಣ್ಣ ಕೈ ನಿಲ್ಲಿಸಿದ, ಬದನೆಕಾಯಿಯವಳು ತಿರುಗಿ ನೋಡಿದಳು. ಅಂಬಾಬಾಯಿ ಕಣ್ಣು ಮುಚ್ಚಿದಳು. ಹಂಡೆ ದಡಬಡ ಅನ್ನುತ್ತಿತ್ತು. ಒಂದು ಹಿಡಿ ಹಾಕಿದಳು, ನಿಂತಳು. ಇನ್ನೊಂದು ಹಿಡಿ. ನಿಂತಳು. ಅರ್ಧ ಹಿಡಿ. ಹಂಡೆಯ ದನಿ ಇಳಿಯಿತು. ಒಳಗೊಳಗೇ ಮಾತಾಡಿದಂತೆ ಕುದಿಯತೊಡಗಿತು. ಕರಿಬೇವಿನ ವಾಸನೆ ಮೇಲೆದ್ದು ಬಂತು. ಉಳಿದ ಉಪ್ಪನ್ನು ಅವಳು ಡಬ್ಬಿಗೆ ವಾಪಸು ಸುರಿದಳು.

ಬೆಳ್ಳುಳ್ಳಿ ಒಗ್ಗರಣೆ ಬಿತ್ತು. ಹಂಡೆ ಇಳಿಯಿತು. ಆಗ ಒಂದು ಪ್ರಮಾದ ನಡೆದುಹೋಯಿತು. ಅಡುಗೆ ಮುಗಿದ ಕೂಡಲೇ ಇಪ್ಪತ್ತಾರು ವರ್ಷದಿಂದ ಮಾಡುವುದನ್ನೇ ಕೈ ಮಾಡಿತು. ಸೆರಗಿನ ಗಂಟು ಬಿಚ್ಚಿ, ತುಳಸಿ ಎಲೆ ತೆಗೆದು ಪಪ್ಪಿನ ಮೇಲೆ ಹಾಕಿತು. ಹಾಕಿದ ಮೇಲೆ ಅಂಬಾಬಾಯಿ ನೋಡಿದಳು. ಬೆಳ್ಳುಳ್ಳಿಯ ಮೇಲೆ ತುಳಸಿ! ತೆಗೆಯಲು ಕೈ ಚಾಚಿದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮುನ್ನೂರು ಹುಡುಗಿಯರು ತಟ್ಟೆ ಹಿಡಿದು ಬಂದು ಸಾಲಾಗಿ ಕೂತರು. ಅನ್ನ ಬಡಿಸಿದರು, ಪಪ್ಪು ಬಡಿಸಿದರು. ಮೇಡಂ ಒಂದು ತಟ್ಟೆಯಲ್ಲಿ ಅನ್ನ, ಪಪ್ಪು ಹಾಕಿ ಅಂಬಾಬಾಯಿಯ ಕೈಗೆ ಕೊಟ್ಟರು.

"ತಿನ್ರಿ."

"ನಾ ಆಮ್ಯಾಲೆ ಉಣ್ತೀನ್ರಿ."

"ಆಮ್ಯಾಲೆ ಅಲ್ಲ, ಈಗ. ಎಲ್ಲರಿಗಿಂತ ಮೊದಲು."

"ನಾವು ರುಚಿ ನೋಡಂಗಿಲ್ರಿ ಮೇಡಂ. ಮೊದಲು ಉಣ್ಣೋ ಪದ್ಧತಿ ನಮ್ಮಲ್ಲಿ ಇಲ್ಲ. ಉಪ್ಪು ಸರಿ ಅದ, ನಾ ಹೇಳ್ತೀನಿ."

"ತಿನ್ನದೋರು ಹೆಂಗ ಹೇಳ್ತೀರಿ?" ಎಂದರು ಮಹಾಂತಯ್ಯ. "ಮೇಡಂ, ಇವರು ಬ್ಯಾಡ. ಮುಂದಿನೋರನ್ನ ನೋಡೋಣ."

ಮೇಡಂ ಕೈ ಎತ್ತಿ ಅವರನ್ನು ತಡೆದರು. ಅಂಬಾಬಾಯಿಯನ್ನು ಗೋಡೆಯ ಕಡೆ ಕರೆದು ಮೆಲ್ಲಗೆ ಹೇಳಿದರು.

"ಅಮ್ಮಾ, ಇದು ರುಚಿ ನೋಡೋ ಮಾತಲ್ಲ. ನಾ ಮೊದಲು ಇದ್ದ ಶಾಲ್ಯಾಗ ಒಂದು ಸಲ ಊಟ ಕೆಟ್ಟು ನಲವತ್ತು ಹುಡುಗ್ಯಾರು ದವಾಖಾನಿಗೆ ಬಿದ್ರು. ಮಾಡಿದೋರು ಯಾರೂ ತಿಂದಿರಲಿಲ್ಲ. ಅವತ್ತಿಂದ ನಾ ಇರೋ ಕಡೆ ಒಂದs ಕಾಯ್ದೆ. ಮಕ್ಕಳ ಹೊಟ್ಟಿಗೆ ಹೋಗೋದು ಮೊದಲು ಮಾಡಿದೋರ ಹೊಟ್ಟಿಗೆ ಹೋಗಬೇಕು, ಆಮ್ಯಾಲೆ ನನ್ನ ಹೊಟ್ಟಿಗೆ. ಏನರ ಆದ್ರ ಮೊದಲು ನಮಗಾಗಲಿ."

ಅಂಬಾಬಾಯಿ ಆ ಹೆಂಗಸಿನ ಮುಖವನ್ನೇ ನೋಡಿದಳು. ಕೊನೆಗೆ ಉಣ್ಣುವುದೇ ವ್ರತ ಎಂದು ತಿಳಿದು ಬದುಕಿದವಳು ಅವಳು. ಮೊದಲು ಉಣ್ಣುವುದೂ ಒಂದು ವ್ರತವಾಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಿರುಗಿ ನೋಡಿದರೆ ಉದ್ದಕ್ಕೂ ಹುಡುಗಿಯರು. ತಟ್ಟೆಯಲ್ಲಿ ಅನ್ನ ಹಬೆಯಾಡುತ್ತಿದೆ, ಒಬ್ಬಳೂ ಕೈ ಹಾಕಿಲ್ಲ. ಆರು ನೂರು ಕಣ್ಣುಗಳು ತನ್ನ ಬಾಯಿಯನ್ನೇ ನೋಡುತ್ತಿವೆ. ಅವಳು ಉಂಡಳೇ ಎಂದು ಇಷ್ಟು ವರ್ಷದಲ್ಲಿ ಯಾರಾದರೂ ಕಾದು ಕೂತದ್ದು ಇದೇ ಮೊದಲು.

ತುತ್ತು ಕಲಸಿದಳು. ಬೆರಳಿಗೆ ತುಳಸಿ ಎಲೆ ಸಿಕ್ಕಿತು. ಅದು ಬಂದು ಬಿದ್ದದ್ದು ಅವಳ ತಟ್ಟೆಗೇ. ಎಲೆಯ ಸಮೇತ ಬಾಯಿಗೆ ಇಟ್ಟುಕೊಂಡಳು. ನುಂಗಿದಳು.

ಮೇಡಂ ಉಂಡರು. ಹುಡುಗಿಯರು ಶುರುಮಾಡಿದರು. ಮಹಾಂತಯ್ಯ ಕೊನೆಗೆ ಒಂದು ತುತ್ತು ಬಾಯಿಗಿಟ್ಟು, ಇನ್ನೊಂದು ಇಟ್ಟು, ಪೆನ್ನಿನ ಕ್ಯಾಪು ಮುಚ್ಚಿ ಪೂರ್ತಿ ತಟ್ಟೆ ಹಾಕಿಸಿಕೊಂಡರು. ಹಂಡೆ ತಳ ಕಂಡಾಗ ಮೇಡಂ ಹೇಳಿದರು, "ಸೋಮವಾರದಿಂದ ಬರ್ರಿ. ಫ್ಯಾನಿನ ಸ್ವಿಚ್ ನಿಮ್ಮ ಕೈಯಾಗ ಇರಲಿ."

ಮನೆಗೆ ಬಂದ ಅಂಬಾಬಾಯಿ ಒಳಗೆ ಕಾಲಿಡಲಿಲ್ಲ. ಪಡಸಾಲೆಯಲ್ಲಿ ಅತ್ತೆ ಕೂತಿದ್ದಳು. ಆಚಾರ್ಯರು ಕಂಬಕ್ಕೆ ಒರಗಿ ನಿಂತಿದ್ದರು. ಅಂಗಳದಲ್ಲೇ ನಿಂತು ಅಂಬಾಬಾಯಿ ಎಲ್ಲ ಹೇಳಿದಳು. ಕೆಲಸ ಸಿಕ್ಕಿತೆಂದಳು. ಪಪ್ಪು ತಿಂದೆನೆಂದಳು, ಬೆಳ್ಳುಳ್ಳಿಯದು, ಎಲ್ಲರಿಗಿಂತ ಮೊದಲು. ತುಳಸಿಯ ಮಾತನ್ನೂ ಮುಚ್ಚಿಡಲಿಲ್ಲ.

ಮುದುಕಿಯ ಮುಖ ಬಿಗಿಯಿತು.

"ಬೆಳ್ಳುಳ್ಳಿ ಮ್ಯಾಲೆ ತುಳಸಿ ಹಾಕಿದ್ಯಾ?"

"ಕೈ ತಾನs ಹಾಕ್ತುರೀ ಅತ್ಯಾರ."

"ಹೋಗು. ಮೊದಲು ತಲಿ ಮ್ಯಾಲೆ ನೀರು ಹಾಕ್ಕೋ."

ಅಂಬಾಬಾಯಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ತಂಬಿಗೆ ಹಾಕಿಕೊಂಡಿರಬೇಕು, ಹೊರಗೆ ಗೋಡೆ ತಡವರಿಸುತ್ತ ಬರುವ ಹೆಜ್ಜೆ ಕೇಳಿಸಿತು. ಬಾಗಿಲ ಆಚೆ ಬಂದು ನಿಂತಿತು. ತಿಂಗಳ ಮೇಲಾಗಿತ್ತು ಆ ದನಿ ಅವಳನ್ನು ಹೆಸರು ಹಿಡಿದು ಮಾತಾಡಿಸಿ.

"ಅಂಬಾ."

"ರೀ."

"ಉಪ್ಪು ಹೆಂಗಿತ್ತು?"

ಅಂಬಾಬಾಯಿ ತಂಬಿಗೆ ಕೆಳಗಿಟ್ಟಳು. ವರ್ಷಗಟ್ಟಲೆ ಒಲೆಯ ಮುಂದೆ ನಿಂತವಳು, ಒಂದು ದಿನವೂ ಬಿಸಿಯಾಗಿದ್ದಾಗ ತನ್ನ ಅಡುಗೆಯ ಉಪ್ಪು ಕಾಣದವಳು, ಬಾಗಿಲ ಆಚೆ ನಿಂತು ಕೇಳುತ್ತಿದ್ದಾಳೆ.

"ಸರಿ ಇತ್ರೀ ಅತ್ಯಾರ. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಮ್ಮಿ ಇಲ್ಲ."

ಹೊರಗೆ ಮುದುಕಿಯ ಕೈ ಕದವನ್ನು ಒಮ್ಮೆ ಸವರಿತು.

"ಹಂಗಂದ್ರ ನಾ ಹಾಕಿದ್ದೂ ಸರೀನs ಇದ್ದಿರಬೇಕು," ಎಂದಳು ಸೇತುಬಾಯಿ. ಆಮೇಲೆ ಹೆಜ್ಜೆಗಳು ಅಡುಗೆಮನೆಯ ಕಡೆ ಹೊರಟವು. "ಲಗೂನ ಬಾ. ಅನ್ನ ಆರ್ತದ. ನಿನ್ನ ಎಲಿ ನನ್ನ ಮಗ್ಗಲಿಗೆ ಹಾಕೀನಿ."